ಘಾಟಿ ಬುಡದ ಗ್ಯಾರೇಜು, ಮೇಸ್ತ್ರಿಯ ಮೂಗು

ಮಲ್ಪೆ ಬಂದರಿನಲ್ಲಿ ಮಂಜುಗಡ್ಡೆಯ ಜೊತೆ ಮೀನು ಹೇರಿಕೊಂಡ ಪಿಕಪ್‌ಗಳು ಮಣಿಪಾಲ, ಹಿರಿಯಡ್ಕ ದಾಟಿ ಹೆಬ್ರಿ ತಲುಪುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಮುಂದೆ ಸೋಮೇಶ್ವರ, ಅದರಾಚೆ 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ. ಕ್ಯಾಬಿನ್ನಿನೊಳಗೆ ರಬ್ಬರ್ ಸುಟ್ಟ ವಾಸನೆ ಬಂತೆಂದರೆ ಅನುಭವಸ್ಥ ಚಾಲಕರು ಘಾಟಿ ಹತ್ತುವ ಸಾಹಸ ಮಾಡುವುದಿಲ್ಲ. ಹೆಬ್ರಿ ಬಳಿಯ ಹಳೆಯ ಗ್ಯಾರೇಜೊಂದಕ್ಕೆ ಗಾಡಿ ತಿರುಗಿಸುತ್ತಾರೆ.

ಅಲ್ಲಿನ ಹಿರಿಯ ಮೇಸ್ತ್ರಿ ಕೂಡಲೇ ಬಾನೆಟ್ ಎತ್ತುವವರಲ್ಲ. ಗಾಡಿಗೆ ಒಂದು ಸುತ್ತು ಬಂದು, ಪ್ರತಿ ಚಕ್ರದ ಬಳಿ ಬಗ್ಗಿ ಮೂಸುತ್ತಾರೆ. ಆಮೇಲೆ ಒಂದೇ ಪ್ರಶ್ನೆ: “ಎಂತ ಮಾರಾಯ, ವಾಸನೆ ಹತ್ತುವಾಗ ಬಂದದ್ದಾ, ಇಳಿಯುವಾಗ ಬಂದದ್ದಾ?” ಹತ್ತುವಾಗ ಬಂದಿದ್ದರೆ ಕ್ಲಚ್ ಅಥವಾ ಬೆಲ್ಟ್. ಇಳಿಯುವಾಗ ಬಂದಿದ್ದರೆ ಬ್ರೇಕ್. ಗುಂಡಿಗೆ ಇಳಿದಾಗ, ತಿರುವು ತೆಗೆದುಕೊಂಡಾಗ ಮಾತ್ರ ಬರುತ್ತದೆಯೆಂದರೆ ಹೊರೆ ಹೆಚ್ಚಾಗಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿದೆ.

ಗ್ಯಾರೇಜಿನ ಗೂಡಿನಲ್ಲಿ ಅವರು ಮುಚ್ಚಳವಿರುವ ಸಣ್ಣ ಡಬ್ಬಿಗಳನ್ನು ಇಟ್ಟಿದ್ದಾರೆ. ಒಂದರಲ್ಲಿ ಸುಟ್ಟ ಫ್ಯಾನ್ ಬೆಲ್ಟಿನ ತುಂಡು, ಇನ್ನೊಂದರಲ್ಲಿ ಕರಕಲಾದ ಕ್ಲಚ್ ಪ್ಲೇಟಿನ ಲೈನಿಂಗ್, ಮತ್ತೊಂದರಲ್ಲಿ ಸುಲಿದ ವೈರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕಣ್ಣು ಮುಚ್ಚಿ ಮೂಸಿ, ಯಾವುದು ಯಾವುದೆಂದು ಹೇಳಬೇಕು. ಸ್ಪ್ಯಾನರ್ ಕೈಗೆ ಸಿಗುವುದು ಅದಾದ ಮೇಲೆ. ಈ ವಿದ್ಯೆಗೆ ಪಠ್ಯಪುಸ್ತಕವಿಲ್ಲ, ಆದರೆ ಇದು ಊಹೆಯಾಟವೂ ಅಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡುವ ಬಗೆ ಕಂಡುಕೊಂಡರು. ಬೆಲ್ಟು ಸುಟ್ಟಾಗ ಮೂಗಿಗೆ ಹೊಡೆಯುವ ಘಾಟಿನಲ್ಲಿ ಆ ಗಂಧಕದ ಪಾಲಿದೆ. ಕ್ಲಚ್ ಲೈನಿಂಗ್ ಸುಟ್ಟರೆ ಬರುವುದು ಕಾಗದ ಸೀದ ವಾಸನೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಕಮಟು. ಚಾಲಕರು ಎಲ್ಲವನ್ನೂ ರಬ್ಬರ್ ಎಂದೇ ಹೇಳುತ್ತಾರೆ.

ವೈರಿಂಗಿನದು ಬೇರೆಯೇ ಕಥೆ. ಬಿಸಿಯೇರಿದ ಕೆಲವು ಪ್ಲಾಸ್ಟಿಕ್ ಕನೆಕ್ಟರ್‌ಗಳು ಮೀನಿನಂಥ ವಾಸನೆ ಬಿಡುತ್ತವೆ. ಮೀನಿನ ಗಾಡಿಯಲ್ಲಿ ಅದನ್ನು ಗುರುತಿಸುವುದು ಯಾರಿಗೆ ಸಾಧ್ಯ? ಹಾಗಾಗಿ ಇಲ್ಲಿ ಬ್ಯಾಟರಿ ಟರ್ಮಿನಲ್ ಮತ್ತು ಫ್ಯೂಸ್ ಬಾಕ್ಸನ್ನು ಮೂಗಿಗೆ ಬಿಡುವುದಿಲ್ಲ, ಕಣ್ಣಿಟ್ಟೇ ನೋಡುತ್ತಾರೆ.

ಬೆಲ್ಟಿನ ಪರೀಕ್ಷೆ ಎಂಜಿನ್ ನಿಲ್ಲಿಸಿದ ಮೇಲೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಹಳೆಯ ಮಾದರಿಯ ಬೆಲ್ಟು ಸುಮಾರು 1 ಸೆಂಟಿಮೀಟರ್ ಬಗ್ಗಬೇಕು. ಅದಕ್ಕಿಂತ ಹೆಚ್ಚು ಬಗ್ಗಿದರೆ, ಒಳಮೈ ನುಣುಪಾಗಿ ಮಿನುಗುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಹೊಸ ಬೆಲ್ಟು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೆಲ್ಟು ಬಿಚ್ಚಿ ಆಲ್ಟರ್ನೇಟರ್, ವಾಟರ್ ಪಂಪ್, ಏಸಿ ಪುಲ್ಲಿಗಳನ್ನು ಕೈಯಲ್ಲೇ ತಿರುಗಿಸಿ ನೋಡಬೇಕು. ಬೇರಿಂಗ್ ಹಿಡಿದುಕೊಂಡಿದ್ದರೆ ಹೊಸದೂ ಬೇಗ ಸುಡುತ್ತದೆ. ಹಲವು ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಘಾಟಿಯಲ್ಲಿ ಬೆಲ್ಟು ಹರಿದರೆ ಬ್ಯಾಟರಿ ದೀಪ ಹತ್ತುವುದು, ಎಂಜಿನ್ ಕಾಯುವುದು ಮಾತ್ರವಲ್ಲ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ವಾಸನೆಯನ್ನು ಕಡೆಗಣಿಸಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕ್ಲಚ್ ಬಗ್ಗೆ ಮೇಸ್ತ್ರಿಯದು ಚುಟುಕು ಮಾತು: ತಿರುವಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಬೇಡಿ, ಹ್ಯಾಂಡ್‌ಬ್ರೇಕ್ ಹಾಕಿ.

ಕರಾವಳಿಯ ಬ್ರೇಕುಗಳಿಗೆ ತಮ್ಮದೇ ಋತುಮಾನವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಗಾಡಿಗಳಲ್ಲಿ ಹಲವು ಮಳೆಯಲ್ಲಿ ನಿಂತೇ ಇರುತ್ತವೆ. ವರ್ಷವಿಡೀ ತೊಟ್ಟಿಕ್ಕಿದ ಉಪ್ಪುನೀರಿನ ಜೊತೆ ಈ ಮಳೆಯೂ ಸೇರಿ ಕ್ಯಾಲಿಪರ್ ಪಿನ್ನು, ಹ್ಯಾಂಡ್‌ಬ್ರೇಕ್ ಕೇಬಲ್ಲು ತುಕ್ಕಿಗೆ ಕಚ್ಚಿಕೊಳ್ಳುತ್ತವೆ. ಆಗಸ್ಟ್‌ನಲ್ಲಿ ಗಾಡಿ ಹೊರಟಾಗ ಚಕ್ರ ಬಿಡದೆ ಉಜ್ಜುತ್ತದೆ, ಲೈನಿಂಗ್ ಸೀಯುತ್ತದೆ. ಯಾವ ಚಕ್ರವೆಂದು ತಿಳಿಯಲು ಅಂಗೈಯನ್ನು ಮುಟ್ಟಿಸದೆ ಹತ್ತಿರ ಹಿಡಿದರೆ ಸಾಕು. ಕಾದ ಡ್ರಮ್ಮಿಗೆ ನೀರು ಎರಚಲು ಮೇಸ್ತ್ರಿ ಬಿಡುವುದಿಲ್ಲ, ಬೀಡು ಕಬ್ಬಿಣ ಬಿರುಕು ಬಿಡುತ್ತದೆ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದೂ ಇಲ್ಲ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ.

ಅವರು ಕೆಲಸ ಕಲಿತದ್ದು ಮಹೀಂದ್ರಾ ಜೀಪುಗಳ ಮೇಲೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿಗಳು ಹೆಚ್ಚಿದವು, ಕೆಲಸವೂ ಹೆಚ್ಚಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು ಸ್ಕ್ಯಾನರ್ ಅನಿವಾರ್ಯವಾಯಿತು. ಅದನ್ನು ಅವರು ದೂರುವುದಿಲ್ಲ. ಸೈಲೆನ್ಸರಿನ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಡುವಾಗ ಬರುವ ಬಿಸಿ ವಾಸನೆ ರೋಗವಲ್ಲವೆಂದು ಖಚಿತಪಡಿಸಲು ಸ್ಕ್ಯಾನರ್ ಬೇಕು. ಆದರೆ ಜಾರುವ ಬೆಲ್ಟಿಗೆ, ಉಜ್ಜುವ ಟೈರಿಗೆ, ಕಚ್ಚಿಕೊಂಡ ಕ್ಯಾಲಿಪರಿಗೆ ಆ ಪರದೆಯಲ್ಲಿ ಸಾಮಾನ್ಯವಾಗಿ ಯಾವ ಕೋಡೂ ಮೂಡುವುದಿಲ್ಲ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿಯಿದೆ. ಅಲ್ಲಿ ಇಂಥ ಮೇಸ್ತ್ರಿಗಳಿಂದ ಒಂದಷ್ಟು ಗಂಟೆಗಳ ಪಾಠ ಹೇಳಿಸುವುದು ದೊಡ್ಡ ಖರ್ಚಿನ ಮಾತಲ್ಲ, ಆಗಲೇಬೇಕಾದ ಕೆಲಸ.

ಚೆನ್ನಾಗಿ ಕಲಿತ ಹುಡುಗರು ಬೆಂಗಳೂರಿನ ಸರ್ವಿಸ್ ಸೆಂಟರುಗಳಿಗೆ ಹೋಗಿದ್ದಾರೆ, ತಿಂಗಳ ಸಂಬಳ ಅಲ್ಲಿದೆ. ಮೀನುಗಾರಿಕೆ ನಿಂತ ಎರಡು ತಿಂಗಳಲ್ಲಿ ಗ್ಯಾರೇಜಿಗೆ ಬಿಡುವು ಇರುತ್ತದೆ, ಆಗ ಯಾರೇ ಬಂದರೂ ದುಡ್ಡಿಲ್ಲದೆ ಕಲಿಸುತ್ತೇನೆಂದು ಮೇಸ್ತ್ರಿ ಊರಲ್ಲಿ ಹೇಳಿಟ್ಟಿದ್ದಾರೆ. ಈವರೆಗೆ ಯಾರೂ ಬಂದಿಲ್ಲ.