ಅಮೆರಿಕದಲ್ಲಿ ಪಿಂಚಣಿ ಚೆಕ್‌ಗೆ ವಿದಾಯ: ಖಾತೆ ಇಲ್ಲದವರ ಗತಿಯೇನು?

ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ ಮೊದಲಾದ ಸರ್ಕಾರಿ ಪಾವತಿಗಳಿಗೆ ಕಾಗದದ ಚೆಕ್ ನೀಡುವ ಪದ್ಧತಿ 2025ರ ಸೆಪ್ಟೆಂಬರ್ 30ಕ್ಕೆ ಬಹುಮಟ್ಟಿಗೆ ಅಂತ್ಯಗೊಂಡಿದೆ. ಚೆಕ್ ಅಂಚೆಯಲ್ಲಿ ಕಳೆದುಹೋಗುವ, ಕಳುವಾಗುವ ಸಂಭವ ಹೆಚ್ಚು; ಮುದ್ರಣ, ರವಾನೆಯ ವೆಚ್ಚವೂ ಅಧಿಕ ಎಂಬುದು ಸರ್ಕಾರದ ವಾದ.

ಈ ಬದಲಾವಣೆ ಹಠಾತ್ತನೆ ಬಂದದ್ದಲ್ಲ. 2011ರ ಮೇ 1ರಿಂದ ಹೊಸ ಫಲಾನುಭವಿಗಳಿಗೆ, 2013ರ ಮಾರ್ಚ್ 1ರಿಂದ ಹಳಬರಿಗೂ ವಿದ್ಯುನ್ಮಾನ ಪಾವತಿ ಕಡ್ಡಾಯವಾಗಿತ್ತು. ಆದರೂ ಲಕ್ಷಾಂತರ ಮಂದಿ ಚೆಕ್ಕನ್ನೇ ನೆಚ್ಚಿಕೊಂಡಿದ್ದರು.

ಬ್ಯಾಂಕ್ ಖಾತೆ ಇಲ್ಲದವರಿಗಾಗಿ 2008ರಲ್ಲೇ ‘ಡೈರೆಕ್ಟ್ ಎಕ್ಸ್‌ಪ್ರೆಸ್’ ಡೆಬಿಟ್ ಕಾರ್ಡ್ ಜಾರಿಗೆ ಬಂದಿದ್ದು, ಹಣ ಪ್ರತಿ ತಿಂಗಳು ಅದಕ್ಕೇ ಜಮೆಯಾಗುತ್ತದೆ. ಮಾನಸಿಕ ದೌರ್ಬಲ್ಯವುಳ್ಳವರು, ದುರ್ಗಮ ಪ್ರದೇಶದ ನಿವಾಸಿಗಳು ವಿನಾಯಿತಿ ಕೋರಬಹುದು. ಆದರೆ ಅರ್ಜಿ ಸಲ್ಲಿಸಲೂ ಅಶಕ್ತರಾದ, ಪಿಂಚಣಿಯೊಂದನ್ನೇ ನಂಬಿರುವ ವೃದ್ಧರಿಗೆ ಒಂದು ಕಂತು ತಪ್ಪಿದರೂ ಮನೆ ಬಾಡಿಗೆ, ಔಷಧಿಗೆ ತೊಂದರೆ ಖಚಿತ.