ಜೋರು ಬೇರೆ, ಕ್ಲಿಯರ್ ಬೇರೆ

‘ವಾಯ್ಸ್ ಕ್ಲಿಯರ್ ಇಲ್ಲ, ಸ್ವಲ್ಪ ಜೋರಾಗಿ ಮಾತಾಡಿ.’ ಫೋನ್ ಹಿಡಿದವರೆಲ್ಲ ಹೇಳುವ ಮಾತಿದು. ಇದರಲ್ಲಿ ದೂರು ಒಂದು, ಕೇಳುವ ಪರಿಹಾರ ಇನ್ನೊಂದು. ಕ್ಲಿಯರ್ ಇಲ್ಲದ ದನಿ ಜೋರಾದರೆ ಸದ್ದು ಹೆಚ್ಚುತ್ತದೆ, ಮಾತು ತಿಳಿಯುವುದಿಲ್ಲ.

ಬಾಕಿ ಕ್ಲಿಯರ್, ಟ್ರಾಫಿಕ್ ಕ್ಲಿಯರ್ ಎಂದು ನಾವು ಈ ಪದವನ್ನು ಎಲ್ಲೆಲ್ಲಿಗೋ ಎಳೆದಿದ್ದೇವೆ. ಮೂಲದಲ್ಲಿ ಇದು ಬೆಳಕಿಗೂ ದನಿಗೂ ಸೇರಿದ್ದು. ಲ್ಯಾಟಿನ್ನಿನ ‘ಕ್ಲಾರುಸ್’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಹೊಳೆಯುವ ಬೆಳಕಿಗೂ ಖಣ್ ಎನ್ನುವ ದನಿಗೂ ರೋಮನ್ನರು ಇದನ್ನೇ ಬಳಸುತ್ತಿದ್ದರು. ‘ಕೂಗಿ ಕರೆ’ ಎಂಬರ್ಥದ ಧಾತುವಿಗೆ ವಿದ್ವಾಂಸರು ಇದನ್ನು ಜೋಡಿಸುತ್ತಾರೆ. ಹಾಗಾದರೆ ಕಿವಿಯ ಪದವೇ ಕಣ್ಣಿಗೂ ದಕ್ಕಿದೆ.

ಕ್ಲಾರಿಯೋನೆಟ್ ವಾದ್ಯದ ಹೆಸರಿನಲ್ಲಿ ಇರುವುದೂ ಇದೇ ಬೇರು. 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ರೂಪಿಸಿದನೆನ್ನುವ ಈ ವಾದ್ಯದ ಮೇಲಿನ ಸ್ವರಗಳು ಆ ಕಾಲದ ‘ಕ್ಲಾರಿನೋ’ ಎಂಬ ತುತ್ತೂರಿಯಂತೆ ಕೇಳುತ್ತಿದ್ದವು. ಕೆಳಗಿನ ಸ್ವರಗಳು ಮಾತ್ರ ಗಾಢ, ನೆರಳು ಬಿದ್ದಂಥವು. ಎಡ ಹೆಬ್ಬೆರಳಿನ ಒಂದು ಕೀಲಿ ಒತ್ತಿದರೆ ನೆರಳಿನಿಂದ ಬೆಳಕಿಗೆ ನೆಗೆತ. ಕೊಳಲಿನಲ್ಲಿ ಉಸಿರು ಬಿಗಿ ಮಾಡಿದರೆ ಷಡ್ಜ ಮೇಲಿನ ಷಡ್ಜಕ್ಕೆ ಹೋಗುತ್ತದೆ. ಇಲ್ಲಿ ನೇರ ಮೇಲಿನ ಸ್ಥಾಯಿಯ ಪಂಚಮಕ್ಕೆ. ಈ ತೊಡಕಿನ ವಾದ್ಯದಲ್ಲಿ ಹಿಂದುಸ್ತಾನಿ ರಾಗಗಳನ್ನು ಅರಳಿಸಿದ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರನ್ನು ಕೇಳಿದವರಿಗೆ ಕ್ಲಿಯರ್ ದನಿ ಎಂದರೇನೆಂದು ವಿವರಿಸಬೇಕಿಲ್ಲ.

ಇಂಗ್ಲಿಷ್ ಧ್ವನಿಶಾಸ್ತ್ರದಲ್ಲಿ ‘ಕ್ಲಿಯರ್ ಎಲ್’, ‘ಡಾರ್ಕ್ ಎಲ್’ ಎಂಬ ಎರಡು ಲಕಾರಗಳಿವೆ. ಲಂಡನ್ನಿನವರು ‘ಲೀಫ್’ ಎನ್ನುವಾಗ ಬರುವುದು ಕ್ಲಿಯರ್. ‘ಫೀಲ್’ ಎನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಅದೇ ಲಕಾರ ಮಬ್ಬಾಗುತ್ತದೆ. ನಮ್ಮ ‘ಲ’ ಎಲ್ಲಿ ಬಂದರೂ ಕ್ಲಿಯರ್. ಇದು ಕನ್ನಡ ನಾಲಿಗೆಯ ಗುಣ, ದೋಷವೆಂದು ಯಾರೂ ನಾಚಬೇಕಿಲ್ಲ.

ಜೋರಿಗೂ ಕ್ಲಿಯರಿಗೂ ಇರುವ ವ್ಯತ್ಯಾಸವನ್ನು ರೇಡಿಯೊ ಸಂಪರ್ಕದವರು ಚೆನ್ನಾಗಿ ಬಲ್ಲರು. ‘ಲೌಡ್ ಅಂಡ್ ಕ್ಲಿಯರ್’ ಅವರಿಗೆ ಜೋಡಿಪದವಲ್ಲ. ಸಿಗ್ನಲ್ಲಿನ ಬಲ ಒಂದು ಅಳತೆ, ಮಾತು ಎಷ್ಟು ತಿಳಿಯುತ್ತದೆ ಎಂಬುದು ಇನ್ನೊಂದು. ವಿಮಾನಯಾನದಲ್ಲಿ ಎರಡನೆಯದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ.

ಮಾತು ತಿಳಿಯುವುದು ಬಹುಮಟ್ಟಿಗೆ ವ್ಯಂಜನಗಳಿಂದ. ಸ್ವರಾಕ್ಷರಗಳ ಬಲ ಕೆಳಗಿನ ಕಂಪನಗಳಲ್ಲಿದೆ. ಸ, ಶ, ಫಗಳ ಗುರುತು ಮೇಲಿನವುಗಳಲ್ಲಿದೆ. ಹಳೆಯ ದೂರವಾಣಿ ಜಾಲ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಜ್ ಮಾತ್ರ. ಅದಕ್ಕೇ ಅಲ್ಲಿ ‘ಎಸ್’ ಯಾವುದು, ‘ಎಫ್’ ಯಾವುದು ಎಂಬ ಗೊಂದಲ. ದನಿ ಎತ್ತರಿಸಿದಾಗ ಹೆಚ್ಚಾಗಿ ಉಬ್ಬುವುದು ಸ್ವರಾಕ್ಷರಗಳೇ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಕಂಪನಗಳನ್ನೇ. ‘ಸದ್ದು ಕೇಳ್ಸುತ್ತೆ ಕಣೋ, ಏನು ಅಂತ ತಿಳಿಯಲ್ಲ’ ಎಂದು ಅಜ್ಜಿ ಹೇಳಿದರೆ ಅದು ನೂರಕ್ಕೆ ನೂರು ನಿಜ. ನಾವೋ ಕಿರುಚುತ್ತೇವೆ, ಅವರಿಗೆ ಗದರಿದಂತೆ ಕೇಳುತ್ತದೆ, ಮನಸ್ಸು ನೋಯುತ್ತದೆ. ಮುಂದಿನ ಸಲ ಟಿವಿ ಆರಿಸಿ, ಎದುರು ಕುಳಿತು, ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಳ್ಳಿ. ತುಟಿ ಕಾಣಬೇಕು. ದನಿ ಎತ್ತರಿಸದೆ, ಬಿಡಿಸಿ ಬಿಡಿಸಿ, ನಿಧಾನವಾಗಿ ಹೇಳಿ. ಆಮೇಲೂ ತಿಳಿಯದಿದ್ದರೆ ಶ್ರವಣತಜ್ಞರ ಬಳಿ ಕರೆದೊಯ್ಯಿರಿ, ತಡಮಾಡಬೇಡಿ.