ಸ್ಟೆಂಟ್ ಹಾಕಿದ ಮೇಲೂ ಬ್ಲಾಕ್ ಬರುವುದು ‘ರಕ್ತದಲ್ಲೇ’ ಇದೆಯೇ?

“ಅಪ್ಪನಿಗೂ ಸ್ಟೆಂಟ್ ಹಾಕಿದ ಮೇಲೆ ಮತ್ತೆ ಬ್ಲಾಕ್ ಬಂತು. ನಮ್ಮದೂ ಅದೇ ರಕ್ತ. ಮಾತ್ರೆ ನುಂಗಿ ಏನು ಪ್ರಯೋಜನ?” ಹೀಗೆ ಹೇಳುವವರಿದ್ದಾರೆ. ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ತೀರ್ಮಾನ ಮಾತ್ರ ಅಪಾಯಕಾರಿ.

ಮತ್ತೆ ಕಿರಿದಾಗುವುದು ಹೇಗೆ?

ಸ್ಟೆಂಟ್ ಎಂದರೆ ರಕ್ತನಾಳವನ್ನು ತೆರೆದಿಡುವ ಸಣ್ಣ ಲೋಹದ ಜಾಲರಿ. ಬಲೂನ್ ಉಬ್ಬಿಸಿ ಅದನ್ನು ಕೂರಿಸುವಾಗ ನಾಳದ ಒಳಗೋಡೆಗೆ ಗಾಯವಾಗುತ್ತದೆ. ಗಾಯ ಮಾಯುವಾಗ ಅಲ್ಲಿನ ಸ್ನಾಯುಕೋಶಗಳು ಅತಿಯಾಗಿ ಬೆಳೆದರೆ, ಕೆಲವು ತಿಂಗಳಲ್ಲಿ ದಾರಿ ಮತ್ತೆ ಕಿರಿದಾಗುತ್ತದೆ. ಇದೇ ರೆಸ್ಟೆನೋಸಿಸ್. ಬರಿಯ ಲೋಹದ ಹಳೆಯ ಸ್ಟೆಂಟ್‌ಗಳಲ್ಲಿ ಸುಮಾರು ಶೇ. 20ರಿಂದ 30ರಷ್ಟು ಜನರಿಗೆ ಹೀಗಾಗುತ್ತಿತ್ತು. ಈಗಿನ ಔಷಧ ಲೇಪಿತ ಸ್ಟೆಂಟ್‌ಗಳಲ್ಲಿ ಇದು ಸುಮಾರು ಶೇ. 5ರಿಂದ 10ಕ್ಕೆ ಇಳಿದಿದೆ.

ಜೀನ್ ಪಾತ್ರವೇನು?

ಕೋಶಗಳ ಬೆಳವಣಿಗೆಗೆ ಬ್ರೇಕ್ ಹಾಕುವ ‘ಪಿ27’ ಎಂಬ ಪ್ರೋಟೀನ್ ಇದೆ. ನೆದರ್ಲ್ಯಾಂಡ್ಸ್‌ನಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಅದರ ಜೀನ್‌ನ ಒಂದು ರೂಪ ಇದ್ದವರಿಗೆ ರೆಸ್ಟೆನೋಸಿಸ್ ಅಪಾಯ ಕಡಿಮೆ ಕಂಡುಬಂತು. ಆದರೆ ಯಾವ ಒಂದು ಜೀನ್ ಕೂಡ ಭವಿಷ್ಯ ಹೇಳುವುದಿಲ್ಲ. ಮಧುಮೇಹ, ಸಣ್ಣ ರಕ್ತನಾಳ, ಉದ್ದದ ಸ್ಟೆಂಟ್ ಇವೂ ದೊಡ್ಡ ಕಾರಣಗಳು. ರೆಸ್ಟೆನೋಸಿಸ್ ಬರುತ್ತದೆಯೇ ಎಂದು ತಿಳಿಯಲು ವೈದ್ಯರು ವಾಡಿಕೆಯಾಗಿ ಜೀನ್ ಪರೀಕ್ಷೆ ಮಾಡಿಸುವುದಿಲ್ಲ.

ಮಾತ್ರೆಗೂ ಜೀನ್‌ಗೂ ಇರುವ ನಂಟು

ಸ್ಟೆಂಟ್‌ನೊಳಗೆ ದಿಢೀರನೆ ರಕ್ತ ಹೆಪ್ಪುಗಟ್ಟುವುದು ಬೇರೆಯೇ ತೊಂದರೆ. ಇದರಿಂದ ಹೃದಯಾಘಾತವಾಗಬಹುದು. ಇದನ್ನು ತಡೆಯಲು ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ, ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ. ಆ ಬದಲಾವಣೆಗೆ ‘ಸಿವೈಪಿ2ಸಿ19’ ಜೀನ್ ಬೇಕು. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದರ ಎರಡು ಪ್ರತಿಗಳಲ್ಲಿ ಕನಿಷ್ಠ ಒಂದು ದುರ್ಬಲ. ಎರಡೂ ದುರ್ಬಲವಾಗಿದ್ದರೆ ಮಾತ್ರೆಯ ಪರಿಣಾಮ ಕಡಿಮೆ ಎಂದು ಅಮೆರಿಕದ ಎಫ್‌ಡಿಎ 2010ರಲ್ಲೇ ಎಚ್ಚರಿಸಿದೆ.

ಹಾಗೆಂದು ಮಾತ್ರೆ ಬಿಡಬೇಕೇ? ಖಂಡಿತ ಬೇಡ. ಅಂಥವರಿಗೆ ಟಿಕಾಗ್ರೆಲರ್, ಪ್ರಾಸುಗ್ರೆಲ್ ಎಂಬ ಬೇರೆ ಮಾತ್ರೆಗಳಿವೆ. ಯಾವುದು ಸೂಕ್ತ, ಪರೀಕ್ಷೆ ಬೇಕೇ ಎಂಬುದನ್ನು ನಿಮ್ಮ ಹೃದ್ರೋಗ ತಜ್ಞರನ್ನೇ ಕೇಳಿ.

ನೆನಪಿಡಿ

• ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಹಲ್ಲು ಕೀಳಿಸುವ ಮೊದಲೂ ಅವರನ್ನೇ ಕೇಳಿ.
• ಬೀಡಿ, ಸಿಗರೇಟು, ತಂಬಾಕು ಬಿಡಿ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಹತೋಟಿಯಲ್ಲಿಡಿ.
• ಎದೆನೋವು ಮರಳಿದರೆ ‘ಗ್ಯಾಸ್’ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಜೀನ್ ಬದಲಿಸಲಾಗದು, ಮಾತ್ರೆ ಬದಲಿಸಬಹುದು. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.